ಮಗಳಿಗೊಂದು ಪತ್ರ: ಪುಸ್ತಕ ಅವನಿಗೆ ವಾಪಸ್ ಕೊಡು

ಪ್ರೀತಿಯ ಮಗಳೇ,

ಭಾನುವಾರ ರಾತ್ರಿ ಕೆನಡಾದಿಂದ ಮಾತಾಡಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಮತ್ತೆ ಫೋನ್ ಮಾಡಿದರೆ ಮತ್ತೆ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಪ್ಪ "ಅವಳ ಮನೆ, ಅವಳ ಮಗ, ನಡುವೆ ನಿಂದೇನು" ಅಂದರು. ಇರಬಹುದು. ಆದರೆ ಪುಟ್ಟ ಪ್ರಶ್ನೆ ಕೇಳಿದ್ದು ನನ್ನನ್ನು. ನಾನು ಉತ್ತರ ಕೊಡುವ ಮೊದಲೇ ನೀನು ಅವನ ಕೈಯಿಂದ ಟ್ಯಾಬ್ ಕಿತ್ತುಕೊಂಡೆ, ಅವನ ಕಥೆಪುಸ್ತಕವನ್ನೂ ಎತ್ತಿಟ್ಟೆ.

"ಅಜ್ಜಿ, ದೇವರಿಗೂ ವಯಸ್ಸಾಗುತ್ತಾ?" ಅಂತ ಕೇಳಿದ. ಎಲ್ಲಿಂದ ಬಂತು ಆ ಪ್ರಶ್ನೆ ಅಂತ ತಕ್ಷಣ ತಿಳಿಯಿತು. ಗೆಳೆಯನ ಮನೆಯಲ್ಲಿ ಆ ಪುಸ್ತಕದ ಕಥೆಯನ್ನೇ ಟಿವಿ ಸೀರಿಯಲ್ ಮಾಡಿದ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಕೊನೇ ಭಾಗ ನೋಡಿದ್ದಾನೆ. ದೇವರು ಅನ್ನಿಸಿಕೊಂಡವನು ಹಣ್ಣು ಮುದುಕನಾಗಿ, ಹರಳಿನ ಪಲ್ಲಕ್ಕಿಯೊಳಗೆ ಹೆದರಿ ಕೂತಿರುತ್ತಾನೆ. ಇಬ್ಬರು ಮಕ್ಕಳು ಪಾಪ ಅಂತ ಅವನನ್ನು ಹೊರಗೆ ತರುತ್ತಾರೆ. ಗಾಳಿ ಸೋಕಿದ ಕೂಡಲೇ ಕರಗಿ ಹೋಗುತ್ತಾನೆ. ನಿನಗೆ ಭಯ ಆದದ್ದು ನನಗೆ ಅರ್ಥ ಆಗುತ್ತದೆ. ಸುಮ್ನೆ ಭಯಪಟ್ಟೆ ಅಂತ ನಾನು ಹೇಳುವುದಿಲ್ಲ. ಬರೆದ ಫಿಲಿಪ್ ಪುಲ್‌ಮನ್ ತಾನು ದೇವರನ್ನು ನಂಬುವುದಿಲ್ಲ ಅಂತ ಯಾವತ್ತೂ ಮುಚ್ಚಿಟ್ಟಿಲ್ಲ.

ಆಮೇಲೆ ಫೋನಿನಲ್ಲಿ ನಾನು "ನೀನೂ ಆ ಸಂಡೇ ಸ್ಕೂಲ್ ಟೀಚರ್ ಥರಾನೇ ಆದೆ" ಅಂದೆನಲ್ಲ, ಅದಕ್ಕೆ ಕ್ಷಮಿಸು. ನೈಟ್ ಡ್ಯೂಟಿ ಮುಗಿಸಿ ಆಗಷ್ಟೇ ಮನೆಗೆ ಬಂದವಳಿಗೆ, ಅದೂ ಮಗನ ಎದುರಿಗೆ, ಅನ್ನುವ ಮಾತಲ್ಲ. ಆದರೆ ಆ ಮಾತು ನನ್ನ ಬಾಯಿಗೆ ಯಾಕೆ ಬಂತು ಅಂತ ಹೇಳಲೇಬೇಕು. ನಾವಿಬ್ಬರೂ ಇದರ ಬಗ್ಗೆ ಯಾವತ್ತೂ ಮಾತಾಡಿಲ್ಲ.

ಪಕ್ಕದ ಮನೆ ಅಜ್ಜಿ ತೀರಿಕೊಂಡ ವರ್ಷ. ಅವರು ನಿನ್ನನ್ನು ಎತ್ತಿ ಆಡಿಸಿದ್ದು, ರೊಟ್ಟಿ ತಿನ್ನಿಸಿದ್ದು ಎಲ್ಲ ಬರೆಯುವುದಿಲ್ಲ, ನಿನಗೇ ಗೊತ್ತು. ಅವರನ್ನು ಕೂರಿಸಿ, ಹೂವಿನ ವಿಮಾನದಲ್ಲಿ ಒಯ್ಯುವುದನ್ನು ನೀನು ಗೇಟಿನ ಹತ್ತಿರ ನಿಂತು ನೋಡಿದೆ. ಅವರು ಮಣ್ಣೆತ್ತಿನ ಅಮವಾಸ್ಯೆಗೆ ಮಾಡಿಕೊಟ್ಟ ಎತ್ತು ಕೈಯಲ್ಲೇ ಇತ್ತು. ಮುಂದಿನ ಭಾನುವಾರ ಸಂಡೇ ಸ್ಕೂಲಿನಲ್ಲಿ ಕೇಳಿದೆ, ಅಜ್ಜಿ ಈಗ ಎಲ್ಲಿದ್ದಾರೆ ಅಂತ. ಯೇಸುಸ್ವಾಮಿಯನ್ನು ನಂಬದವರು ಎಲ್ಲಿಗೆ ಹೋಗುತ್ತಾರೋ ಅಲ್ಲಿ ಅಂತ ಟೀಚರ್ ಹೇಳಿದರು. "ಹಾಗಾದ್ರೆ ನಾನೂ ಅಲ್ಲಿಗೇ ಹೋಗ್ತೀನಿ" ಅಂದೆಯಂತೆ. ನಿನ್ನನ್ನು ಹೊರಗೆ ನಿಲ್ಲಿಸಿದರು.

ನಾವು ಒಳಗೆ ಹಾಡು ಕಲಿಯುತ್ತಿದ್ದೆವು. ಕಿಟಕಿಯಿಂದ ನೀನು ಕಂಡೆ. ನಿನ್ನ ಚಪ್ಪಲಿ ಒಳಗೇ ಉಳಿದಿತ್ತು. ನೆಲ ಕಾದಿತ್ತು, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಇಟ್ಟುಕೊಂಡು, ಬೇವಿನ ಮರದ ತೊಗಟೆ ಕೀಳುತ್ತಾ ನಿಂತಿದ್ದೆ. ಹೊರಗೆ ಬಂದು ಏನಾಯ್ತು ಅಂತ ಕೇಳಿದರೆ "ಏನಿಲ್ಲ" ಅಂದೆ. ನಡೆದದ್ದನ್ನು ನನಗೆ ಹೇಳಿದ್ದು ಬೇರೆ ಮಕ್ಕಳು. ರಾತ್ರಿ ಊಟಕ್ಕೆ ಕೂತಾಗ ಮತ್ತೆ ಕೇಳಿದೆ. ಮತ್ತೆ "ಏನಿಲ್ಲ". ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಆಗುತ್ತಿತ್ತೇನೋ.

ಅದಾದ ಮೇಲೆ ದೇವರ ವಿಷಯದಲ್ಲಿ ನೀನು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬಾಯಿಪಾಠದ ಬೈಬಲ್ ವಚನ ತಪ್ಪಿಲ್ಲದೆ ಒಪ್ಪಿಸಿದೆ. ಚರ್ಚಿನ ಪೂರ್ಣ ಸದಸ್ಯರಾಗಲು ನಡೆಯುವ ದೃಢೀಕರಣದ ತರಗತಿಯಲ್ಲಿ ಸಭಾಪಾಲಕರು "ಎಂಥಾ ಶಾಂತ ಹುಡುಗಿ" ಅಂತ ಹೊಗಳಿದರು. ಎಲ್ಲರೂ ಖುಷಿಪಟ್ಟರು. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ. ಆ ಮರದ ಕೆಳಗೆ ನಿಂತು ನೀನು ಏನು ತೀರ್ಮಾನ ಮಾಡಿದೆ? ದೇವರು ಕೆಟ್ಟವನು ಅಂತಲಾ? ಟೀಚರ್ ಕೆಟ್ಟವರು ಅಂತಲಾ? ಇಲ್ಲಾ, ಇಂಥದ್ದನ್ನೆಲ್ಲ ಬಾಯಿಬಿಟ್ಟು ಕೇಳಬಾರದು ಅಂತಲಾ? ಮದುವೆಯ ಹಿಂದಿನ ರಾತ್ರಿ ಕೇಳಬೇಕು ಅಂದುಕೊಂಡೆ, ಮೆಹಂದಿ ಹಚ್ಚುವವರು ಬಂದರು. ವಿಮಾನ ನಿಲ್ದಾಣದಲ್ಲೂ ನಾಲಿಗೆ ತುದಿಗೆ ಬಂದಿತ್ತು. ಪುಟ್ಟನಿಗೆ ಈಗ ಹನ್ನೊಂದು. ಅವನೂ "ಏನಿಲ್ಲ" ಅನ್ನಲು ಕಲಿತರೆ ಅನ್ನುವುದೇ ನನ್ನ ಭಯ. ಅವನು ಕೇಳುವ ಪ್ರಶ್ನೆಗೆ ನಾನು ಹೆದರುವುದಿಲ್ಲ. ಕೇಳದೇ ಇದ್ದರೆ ಹೆದರುತ್ತೇನೆ.

ಆ ಮೂರೂ ಪುಸ್ತಕ ನಾನು ಓದಿದ್ದೇನೆ. 2007ರಲ್ಲಿ ಮೊದಲ ಪುಸ್ತಕ ‘ದಿ ಗೋಲ್ಡನ್ ಕಂಪಾಸ್’ ಸಿನಿಮಾ ಆದಾಗ ದೊಡ್ಡ ಗಲಾಟೆ ಆಯಿತಲ್ಲ, ಆಗ ನಮ್ಮ ಶಾಲೆಯ ಲೈಬ್ರರಿಗೆ ತರಿಸುವುದೋ ಬೇಡವೋ ಅಂತ ನೋಡಲು ಓದಿದೆ. ಅಮೆರಿಕದಲ್ಲಿ ಕ್ಯಾಥೋಲಿಕ್ ಲೀಗ್ ಅನ್ನುವ ಸಂಘಟನೆ ಸಿನಿಮಾ ನೋಡಬೇಡಿ ಅಂತ ಕರೆ ಕೊಟ್ಟಿತ್ತು. ನಿಮ್ಮ ಹಾಲ್ಟನ್‌ನ ಕ್ಯಾಥೋಲಿಕ್ ಶಾಲಾ ಮಂಡಳಿಯೂ ಆ ವರ್ಷವೇ ಈ ಪುಸ್ತಕಗಳನ್ನು ಲೈಬ್ರರಿ ಕಪಾಟಿನಿಂದ ತೆಗೆಸಿತ್ತು. ಸುಮಾರು 18 ಕೋಟಿ ಡಾಲರ್ ಹಾಕಿ ಮಾಡಿದ ಸಿನಿಮಾ ಅಮೆರಿಕದಲ್ಲಿ 7 ಕೋಟಿಯಷ್ಟೇ ಗಳಿಸಿತು. ಮುಂದಿನ ಎರಡು ಭಾಗ ಬರಲೇ ಇಲ್ಲ. ಗೆದ್ದೆವು ಅಂದುಕೊಂಡವರು ಇದ್ದರು. 2019ರಲ್ಲಿ ಬಿಬಿಸಿ ಮತ್ತು ಎಚ್‌ಬಿಒ ಸೇರಿ ಅದೇ ಕಥೆಯನ್ನು ಸೀರಿಯಲ್ ಮಾಡಿದವು, 2022ರಲ್ಲಿ ಕೊನೆಯವರೆಗೂ ತೋರಿಸಿದವು. ಈಗ ಅದು ಪ್ರತಿ ಮಗುವಿನ ಕೈಯಲ್ಲಿದೆ. ನೀನು ನಿಮ್ಮ ಮನೆಯ ಟಿವಿ ಆರಿಸಬಹುದು. ಗೆಳೆಯನ ಮನೆಯದನ್ನು ಹೇಗೆ ಆರಿಸುತ್ತೀ?

ಪುಸ್ತಕ ನನಗೆ ಸಿಟ್ಟು ತರಿಸಿದ್ದೂ ನಿಜ. ಆ ಕಥೆಯ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಒಬ್ಬ ಒಳ್ಳೇ ಪಾದ್ರಿ ನೆನಪಾಗುವುದಿಲ್ಲ. ಕಥೆಯ ನಾಯಕಿಯಾದ ಹುಡುಗಿಯನ್ನು ಕೊಲ್ಲಲು ಒಬ್ಬ ಫಾದರ್ ಹೊರಡುತ್ತಾನೆ, ಆ ಪಾಪಕ್ಕೆ ಮುಂಗಡವಾಗಿಯೇ ಕ್ಷಮೆ ಪಡೆದುಕೊಂಡು. ನಿನ್ನ ಅತ್ತೆಯವರ ಮನೆಗೆ ಬರುವ ಆ ವಯಸ್ಸಾದ ಫಾದರ್, ಕೊರೋನಾ ಸಮಯದಲ್ಲಿ ಮನೆಮನೆಗೆ ಅಕ್ಕಿ ಹೊತ್ತವರು, ಅವರಂಥವರಿಗೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ. ಇದು ಅನ್ಯಾಯ. ಇದನ್ನು ಪುಟ್ಟನಿಗೆ ಹೇಳು. ಹೆಸರು ಹಿಡಿದು ಹೇಳು, ಅವನು ಆ ಫಾದರ್ ತೊಡೆಯ ಮೇಲೆ ಕೂತವನು.

ಆದರೆ ಇನ್ನೊಂದು ಇದೆ. ಆ ಕಥೆಯಲ್ಲಿ ಪ್ರತಿಯೊಬ್ಬರ ಆತ್ಮ ಒಂದು ಪ್ರಾಣಿಯ ರೂಪದಲ್ಲಿ ಹೊರಗೆ, ಜೊತೆಗೇ ಇರುತ್ತದೆ. ಸಭೆಯವರು ಮಕ್ಕಳನ್ನು ದೂರದ ಚಳಿ ಊರಿಗೆ ಒಯ್ದು, ಮಗುವನ್ನೂ ಆ ಪ್ರಾಣಿಯನ್ನೂ ಕತ್ತರಿಸಿ ಬೇರೆ ಮಾಡುತ್ತಾರೆ. ಮಗುವಿನ ಒಳ್ಳೆಯದಕ್ಕೇ ಅನ್ನುತ್ತಾರೆ. ಎಂಥಾ ಸುಳ್ಳು ಅಂತ ನಿನ್ನ ಪ್ರೇಯರ್ ಗ್ರೂಪಿನವರು ಹೇಳಬಹುದು. ಆದರೆ ಸೆಪ್ಟೆಂಬರ್ 30ಕ್ಕೆ ಪುಟ್ಟ ಶಾಲೆಗೆ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಹೋದ ಫೋಟೋ ನೀನೇ ಕಳಿಸಿದ್ದೆ. ಯಾಕೆ ಅಂತ ಅವನೇ ನನಗೆ ವಿವರಿಸಿದ. ಕೆನಡಾದ ಮೂಲನಿವಾಸಿಗಳ ಸುಮಾರು 1.5 ಲಕ್ಷ ಮಕ್ಕಳನ್ನು ಅಪ್ಪ ಅಮ್ಮನಿಂದ ಬಿಡಿಸಿ ವಸತಿ ಶಾಲೆಗಳಿಗೆ ಹಾಕಿದರು, ಅವರ ಭಾಷೆ ಆಡಗೊಡಲಿಲ್ಲ, ಎಷ್ಟೋ ಮಕ್ಕಳು ಮನೆಗೆ ಬರಲೇ ಇಲ್ಲ. ಆ ಶಾಲೆಗಳಲ್ಲಿ ಜಾಸ್ತಿ ನಡೆಸಿದ್ದು ಕ್ಯಾಥೋಲಿಕ್ ಸಂಸ್ಥೆಗಳು. ಉಳಿದವುಗಳಲ್ಲಿ ನಮ್ಮ ಪ್ರಾಟೆಸ್ಟಂಟರೂ ಇದ್ದರು. 2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಕೆನಡಾದ ಆಲ್ಬರ್ಟಾ ಪ್ರಾಂತ್ಯಕ್ಕೇ ಬಂದು ಕ್ಷಮೆ ಕೇಳಿದರು.

ಹುಡುಗನಿಗೆ ಇದೆಲ್ಲ ಗೊತ್ತು. ಅದನ್ನು ಗೊತ್ತಿಟ್ಟುಕೊಂಡೇ ಆ ಪುಸ್ತಕ ಓದುತ್ತಾನೆ. ನೀನು ಪುಸ್ತಕ ಬಚ್ಚಿಟ್ಟರೆ, ಅಮ್ಮ ಅದನ್ನೂ ಬಚ್ಚಿಡುತ್ತಾಳೆ ಅಂದುಕೊಳ್ಳುತ್ತಾನೆ. ಅದರ ಬದಲು ಹೀಗೆ ಹೇಳು: ದೇವರ ಹೆಸರಿನಲ್ಲಿ ಮಕ್ಕಳಿಗೆ ನೋವು ಕೊಟ್ಟವರ ಮೇಲೆ ಈ ಲೇಖಕನಿಗೆ ಸಿಟ್ಟಿದೆ, ಯೇಸುಸ್ವಾಮಿಗೆ ಇನ್ನೂ ಜಾಸ್ತಿ ಸಿಟ್ಟಿತ್ತು. ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದು ಮೇಲು ಅಂದವರು ಅವರು. ಬೈಬಲಿನ ಮತ್ತಾಯ 18ನೇ ಅಧ್ಯಾಯ ಅವನಿಂದಲೇ ಓದಿಸು.

ಸತ್ತವರ ಲೋಕದ ಭಾಗ ಬಂದಾಗ ಮಾತ್ರ ನೀನು ಅವನ ಪಕ್ಕದಲ್ಲೇ ಕೂರಬೇಕು. ಲೈರಾ ಅನ್ನುವ ಆ ಹುಡುಗಿ ಸತ್ತ ಗೆಳೆಯನನ್ನು ಹುಡುಕಿಕೊಂಡು ಅಲ್ಲಿಗೆ ಇಳಿಯುತ್ತಾಳೆ. ಒಳ್ಳೆಯವರು, ಕೆಟ್ಟವರು ಎಲ್ಲರೂ ಕತ್ತಲಲ್ಲಿ ಬಿದ್ದಿರುತ್ತಾರೆ. ಮಕ್ಕಳು ಹೊರಗೆ ದಾರಿ ತೆರೆಯುತ್ತಾರೆ, ಸತ್ತವರು ಒಬ್ಬೊಬ್ಬರೇ ಬಂದು ಗಾಳಿಯಲ್ಲಿ ಬೆರೆತು ಹೋಗುತ್ತಾರೆ. ಓದುವಾಗ ಕಣ್ಣು ಮಂಜಾಯಿತು. "ನಾನೂ ಅಲ್ಲಿಗೇ ಹೋಗ್ತೀನಿ" ಅಂದ ಹುಡುಗಿ ನನ್ನ ಮನೆಯಲ್ಲೇ ಇದ್ದಳಲ್ಲ.

ಆದರೆ ಮಗಳೇ, ಆ ಕಥೆ ಪುಲ್‌ಮನ್ ಹುಟ್ಟುವುದಕ್ಕೂ ಮೊದಲು ನಮ್ಮದು. ಕ್ರಿಸ್ತನು ಸತ್ತವರ ಲೋಕಕ್ಕೆ ಇಳಿದನು ಅಂತ ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸಪ್ರಮಾಣದಲ್ಲಿ ಹೇಳುತ್ತೇವೆ, ಹೇಳಿ ಮುಂದಿನ ಸಾಲಿಗೆ ಓಡುತ್ತೇವೆ. ಸೆರೆಯಲ್ಲಿದ್ದ ಆತ್ಮಗಳಿಗೆ ಆತನು ಸಾರಿದ ಅಂತ ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿದೆ. ಪಕ್ಕದ ಮನೆ ಅಜ್ಜಿ ಎಲ್ಲಿದ್ದಾರೆ ಅಂತ ನನಗೆ ಹೇಳಲು ಬರುವುದಿಲ್ಲ. ಆತನು ಇಳಿದು ಹೋಗದ ಜಾಗದಲ್ಲಿ ಇಲ್ಲ ಅಂತ ಮಾತ್ರ ನಂಬಿದ್ದೇನೆ. ಆವತ್ತು ನಿನಗೆ ಯಾರೂ ಇದನ್ನು ಹೇಳಲಿಲ್ಲ.

ಪುಟ್ಟನ ಪ್ರಶ್ನೆಗೂ ಉತ್ತರ ಇಲ್ಲೇ ಬರೆದುಬಿಡುತ್ತೇನೆ, ನೀನು ಓದಿ ಹೇಳು. ದೇವರಿಗೆ ವಯಸ್ಸಾಗುವುದಿಲ್ಲ ಪುಟ್ಟ. ಆದರೆ ದೇವರು ಸತ್ತ ಕಥೆ ಕೇಳಿ ಅಜ್ಜಿ ಬೆಚ್ಚುವುದಿಲ್ಲ, ನಾವು ಪ್ರತಿವರ್ಷ ಶುಭ ಶುಕ್ರವಾರ ಅದನ್ನೇ ಓದುತ್ತೇವೆ. ಸೀರಿಯಲ್‌ನ ಮುದುಕ ತಾನೇ ಸೃಷ್ಟಿಕರ್ತ ಅಂತ ಸುಳ್ಳು ಹೇಳಿ ಅಧಿಕಾರ ಹಿಡಿದವನು. ನಮ್ಮ ದೇವರು ಅಧಿಕಾರ ಬಿಟ್ಟು ಬಂದು ತಾನೇ ಸತ್ತವನು. ಇಬ್ಬರೂ ಒಬ್ಬರೇನಾ, ನೀನೇ ಯೋಚನೆ ಮಾಡು.

ಇದು ನನ್ನ ತಲೆಯಿಂದ ಬಂದ ಮಾತೇ ಅಂದುಕೊಳ್ಳಬೇಡ. 2004ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಇದೇ ಕಥೆ ನಾಟಕ ಆದಾಗ, ಆಗ ಇಂಗ್ಲೆಂಡಿನ ಸಭೆಯ ಅತಿ ಹಿರಿಯ ಧರ್ಮಗುರುಗಳಾಗಿದ್ದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ ಲೇಖಕರ ಜೊತೆ ವೇದಿಕೆಯಲ್ಲೇ ಕೂತು ಮಾತಾಡಿದರು. ಶಾಲೆಯ ಧರ್ಮಶಿಕ್ಷಣದ ತರಗತಿಯಲ್ಲಿ ಇದನ್ನು ಓದಿಸಬಹುದು ಅಂದರು. ಕೊಲ್ಲಬಹುದಾದ, ಸದಾ ಕಾವಲು ಬೇಕಾದ ದೇವರನ್ನು ನಂಬಿದ ಸಭೆ ಆ ಕಥೆಯ ಸಭೆಯಂತೆ ಕ್ರೂರ ಆಗದೆ ಇನ್ನೇನಾಗುತ್ತದೆ ಅನ್ನುವುದು ಅವರ ಮಾತಿನ ಸಾರ. ಪುಲ್‌ಮನ್ ಅವರ ತಾತನೂ ಪಾದ್ರಿಯೇ.

ನಮ್ಮ ಮನೆತನದ ಕಡೆಯೂ ನೋಡು. ಬಾಸೆಲ್ ಮಿಷನ್ ಹುಬ್ಬಳ್ಳಿಗೆ ಬಂದದ್ದು 1839ರಲ್ಲಿ. ಅದೇ ಮಿಷನ್ನಿನ ಮೋಗ್ಲಿಂಗ್ ಮಂಗಳೂರಿನಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದ ಎಲ್ಲ ಅಚ್ಚು ಹಾಕಿಸಿದರು. ಕ್ರಿಸ್ತನನ್ನು ಸಾರಲು ಸಮುದ್ರ ದಾಟಿ ಬಂದವರು ಬೇರೆಯವರ ದೇವರ ಪುಸ್ತಕಕ್ಕೆ ಹೆದರಲಿಲ್ಲ. ಅವರಿಂದ ಸುವಾರ್ತೆ ಕೇಳಿದ ಮನೆಯವಳು ನೀನು.

ಉಪದೇಶ ಜಾಸ್ತಿ ಆಯಿತು, ಗೊತ್ತು. ಮೂವತ್ತು ವರ್ಷ ಪಾಠ ಮಾಡಿದ ಬಾಯಿ. ನಿನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆ ಅಂತ ಬರೆಯಲು ಕೂತರೆ ಅದೂ ಉದ್ದ ಆಗುತ್ತದೆ. ರಾತ್ರಿಯೆಲ್ಲ ರೋಗಿಗಳ ಜೊತೆ ಇದ್ದು, ಬೆಳಿಗ್ಗೆ ಮಗನಿಗೆ ಸತ್ಯವೇದ ಓದಿಸುತ್ತೀ, ಗಂಡನ ಮನೆಯವರ ಕ್ಯಾಥೋಲಿಕ್ ಜಪಸರಕ್ಕೂ ಕೂರುತ್ತೀ. ನನ್ನ ಭಕ್ತಿಗಿಂತ ನಿನ್ನದು ಗಟ್ಟಿ. ಅದಕ್ಕೇ ಕೇಳುತ್ತಿದ್ದೇನೆ, ಅದನ್ನು ಇಟ್ಟುಕೊಂಡು ಒಂದು ಕಥೆಪುಸ್ತಕಕ್ಕೆ ಇಷ್ಟು ಹೆದರುವುದು ಯಾಕೆ?

ಈ ಪುಸ್ತಕ ಬೇಡ ಅಂತ ನಿನ್ನ ಪ್ರೇಯರ್ ಗ್ರೂಪಿನ ತಾಯಂದಿರು ಶಾಲೆಗೆ ಬರೆದ ಆ ಅರ್ಜಿಗೆ ಸಹಿ ಹಾಕಬೇಡ. ಹಾಕಿಯಾಗಿದ್ದರೆ ನನಗೆ ಹೇಳು, ಬೈಯುವುದಿಲ್ಲ. ಮೊದಲ ಪುಸ್ತಕ ಅವನಿಗೆ ವಾಪಸ್ ಕೊಡು. ಎರಡನೆಯದು ಅವನಿಗಿಂತ ಮೊದಲು ನೀನು ಓದು. ಮೂರನೆಯದು ಅವನಿಗೆ ಇನ್ನೂ ಸ್ವಲ್ಪ ಬೇಗ ಅಂತಲೇ ನನಗನ್ನಿಸುತ್ತದೆ. ಅಲ್ಲಿ ಸಾವು ಇದೆ, ಹದಿಹರೆಯದ ಪ್ರೀತಿ ಇದೆ. ಬೇಡ ಅಂತ ನೀನು ಹೇಳಿದರೆ ನಾನು ನಿನ್ನ ಪರ. ಆದರೆ ಯಾಕೆ ಬೇಡ ಅಂತ ಅವನಿಗೆ ಬಿಡಿಸಿ ಹೇಳಬೇಕು. ಅಳಿಯಂದಿರನ್ನೂ ಕೇಳು, ಅವರು ಆವತ್ತು ಒಂದು ಮಾತೂ ಆಡಲಿಲ್ಲ.

ನಿಮ್ಮಪ್ಪನ ಕಣ್ಣಿನ ಪೊರೆ ಆಪರೇಷನ್ ಮುಂದಿನ ವಾರ. ಹೆದರುವಂಥದ್ದೇನಿಲ್ಲ, ಆದರೂ ಫೋನ್ ಮಾಡು, ಅವರಿಗೆ ಖುಷಿ. ಶೇಂಗಾ ಹಿಂಡಿ ಮತ್ತೆ ಗುರೆಳ್ಳು ಪುಡಿ ಮಾಡಿಟ್ಟಿದ್ದೇನೆ, ಆ ಕಡೆ ಬರುವವರು ಯಾರಾದರೂ ಇದ್ದರೆ ತಿಳಿಸು.

ಇಂತಿ,
ನಿನ್ನ ಅಮ್ಮ
ಹುಬ್ಬಳ್ಳಿ