ಸ್ವಭಾವ ಪರೀಕ್ಷೆ ನೋಡಿ ಕೋರ್ಸ್ ನಿರ್ಧರಿಸಬೇಡಿ

ಮಾನ್ಯರೇ,

ಪಿಯು ಪ್ರವೇಶದ ಹೊತ್ತಿಗೆ ಮೊಬೈಲಿನ ಉಚಿತ ‘ವ್ಯಕ್ತಿತ್ವ ಪರೀಕ್ಷೆ’ ನಂಬಿ ಮಕ್ಕಳಿಗೆ ವಿಜ್ಞಾನವೋ ವಾಣಿಜ್ಯವೋ ಎಂದು ತೀರ್ಮಾನಿಸುವುದು ದೊಡ್ಡ ತಪ್ಪು.

ಇಂಥ ಪರೀಕ್ಷೆಗಳಲ್ಲಿ ಹೆಸರಾದದ್ದು ಎಂಬಿಟಿಐ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರದ ಮೇಲೆ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಾಬೆಲ್ ಮೈಯರ್ಸ್ ರೂಪಿಸಿದ ಈ ಪದ್ಧತಿಯಲ್ಲಿ ಅಂತರ್ಮುಖಿ-ಬಹಿರ್ಮುಖಿಯಂಥ ನಾಲ್ಕು ಜೋಡಿ ಒಲವುಗಳು, ಒಟ್ಟು 16 ಮಾದರಿಗಳಿವೆ. ಅದು ತಿಳಿಸುವುದು ಒಲವನ್ನು, ಸಾಮರ್ಥ್ಯವನ್ನಲ್ಲ. ಬಲಗೈಯವರು ಎಡಗೈಯಲ್ಲಿ ಸಹಿ ಹಾಕಿ ನೋಡಲಿ: ಬರುತ್ತದೆ, ಆದರೆ ಅಕ್ಷರ ಸೊಟ್ಟ, ಗಮನವೆಲ್ಲ ಪೆನ್ನಿನ ತುದಿಯಲ್ಲೇ. ಒಲವಿಲ್ಲದ ಕೆಲಸವೂ ಹೀಗೆಯೇ. ರೂಢಿಯಾದರೆ ಕೈ ಕುದುರುತ್ತದೆ.

ಒಂದು ಜೋಡಿಯನ್ನೇ ನೋಡಿ: ಚಿತ್ರದುರ್ಗದ ಕೋಟೆಗೆ ಹೊರಟಾಗ ಬಸ್ಸಿನ ವೇಳೆ, ಬುತ್ತಿ ಎಲ್ಲ ಮೊದಲೇ ಗೊತ್ತುಮಾಡುವವರಿದ್ದಾರೆ, ‘ಹೋಗಿ ನೋಡೋಣ’ ಎನ್ನುವವರೂ ಇದ್ದಾರೆ. ಇಬ್ಬರೂ ಕೋಟೆ ಹತ್ತುತ್ತಾರೆ. ಅಂತರ್ಮುಖಿ ಎಂದರೆ ನಾಚಿಕೆ ಸ್ವಭಾವದವರು ಎಂದೂ ಅಲ್ಲ. ಏಕಾಂತದಲ್ಲಿ ದಣಿವಾರಿಸಿಕೊಳ್ಳುವವರು, ಅಷ್ಟೇ.

ಜೋಡಿಯ ಎರಡು ಒಲವುಗಳ ನಡುಗೆರೆಯ ಹತ್ತಿರ ಅಂಕವಿದ್ದರೆ ಒಂದೆರಡು ಉತ್ತರ ಬದಲಾದರೂ ಮಾದರಿಯೇ ಬದಲಾಗುತ್ತದೆ. ಅಪ್ಪ-ಅಮ್ಮ ಪಕ್ಕದಲ್ಲಿ ಕೂತಿದ್ದರೆ ಮಕ್ಕಳು ಅವರಿಗೆ ಹಿಡಿಸುವ ಉತ್ತರವನ್ನೇ ಒತ್ತುತ್ತಾರೆ. ಆದ್ದರಿಂದ ಮಕ್ಕಳು ಒಬ್ಬರೇ, ಶಾಲಾ ಪರೀಕ್ಷೆಯ ಗಡಿಬಿಡಿ ಇಲ್ಲದ ದಿನ ಉತ್ತರಿಸಲಿ. ಫಲಿತಾಂಶ ನೋಡುವ ಮುನ್ನ ನಾಲ್ಕೂ ಜೋಡಿಗಳ ವಿವರಣೆ ಓದಿ ತಮ್ಮ ಒಲವನ್ನು ತಾವೇ ಗುರುತು ಹಾಕಿಕೊಳ್ಳಲಿ. ಎರಡೂ ತಾಳೆಯಾಗದ ಕಡೆ ಮಕ್ಕಳ ಮಾತಿಗೇ ಬೆಲೆ ಕೊಡಿ. ಕೋರ್ಸ್ ಆಯ್ಕೆಗೆ ಅಂಕಪಟ್ಟಿ, ಆಸಕ್ತಿ, ಅಭಿಕ್ಷಮತಾ ಪರೀಕ್ಷೆ (ಆಪ್ಟಿಟ್ಯೂಡ್ ಟೆಸ್ಟ್) ನೋಡಿ.

ಉದ್ಯೋಗಕ್ಕೆ ಅಭ್ಯರ್ಥಿಗಳನ್ನು ಆಯ್ಕೆ ಮಾಡಲು ಎಂಬಿಟಿಐ ಬಳಸಬಾರದೆಂದು ಅದರ ಪ್ರಕಾಶಕರೇ ಹೇಳುತ್ತಾರೆ. ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ದಯವಿಟ್ಟು ಗಮನಿಸಲಿ.

– ಆಪ್ತ ಸಮಾಲೋಚಕರು, ದಾವಣಗೆರೆ