ಶುಕ್ರವಾರದ ಬಾರ್

ಮೈಸೂರು, ಕುವೆಂಪುನಗರ
ಭಾನುವಾರ

ಪ್ರೀತಿಯ ಪುಟ್ಟಿ,

ನೀನು ಕಳುಹಿಸಿದ ಷೇರಿನ ಬೆಲೆಯ ಚಾರ್ಟನ್ನು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದೆ. ‘ರಿವರ್ಸಲ್ ಬಾರ್ ಬಂದಿದೆ ಅಮ್ಮ, ನಾಳೆಯೇ ಕೊಳ್ಳಲೇ?’ ಎಂದು ಕೇಳಿದ್ದೀಯೆ. ಬಾರ್ ಎಂದರೆ ಒಂದು ದಿನದ ಬೆಲೆಯ ಏರಿಳಿತ ತೋರಿಸುವ ಗೆರೆ; ಇಳಿಯುತ್ತಿದ್ದ ಬೆಲೆ ಮೇಲಕ್ಕೆ ತಿರುಗುವ ಸೂಚನೆ ಕೊಟ್ಟರೆ ಅದು ರಿವರ್ಸಲ್ ಬಾರ್. ಅದು ಬಂದಿರುವುದೇನೋ ನಿಜ. ಹಿಂದಿನ ದಿನದ ಕನಿಷ್ಠಕ್ಕಿಂತ ಕೆಳಗಿಳಿದು, ಸಂಜೆಗೆ ಹಿಂದಿನ ಮುಕ್ತಾಯಕ್ಕಿಂತ ಮೇಲೆ ನಿಂತಿದೆ. ಆದರೆ ಅದರ ಎಡಕ್ಕೆ ನೋಡಿದೆಯಾ? ಮೂರು ವಾರದಿಂದ ಆ ಷೇರು ಇದ್ದಲ್ಲೇ ಮೇಲೆ ಕೆಳಗೆ ಆಡುತ್ತಿದೆ. ಇಳಿಯದೇ ಇರುವುದು ತಿರುಗುವುದಾದರೂ ಎಲ್ಲಿಂದ?

ಅಪ್ಪನಿಗೂ ಪೂರ್ತಿ ಹೇಳದ ಒಂದು ಸಂಗತಿ ಇದೆ. 2020ರ ಮಾರ್ಚ್ 13, ಶುಕ್ರವಾರ. ಷೇರುಪೇಟೆಯ ಸೂಚ್ಯಂಕ ನಿಫ್ಟಿ ಬೆಳಿಗ್ಗೆಯೇ ಶೇ 10ರಷ್ಟು ಕುಸಿದು, ವಹಿವಾಟು 45 ನಿಮಿಷ ನಿಂತಿತು. 8,555 ಮುಟ್ಟಿದ್ದು ದಿನದ ಕೊನೆಗೆ 9,955. ಗುರುವಾರದ ಮುಕ್ತಾಯ 9,590. ಅಷ್ಟು ಉದ್ದದ, ಅಷ್ಟು ಚೆಂದದ ರಿವರ್ಸಲ್ ಬಾರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪೇಟೆ ಮುಚ್ಚುವ ಮೂರೂವರೆ ಆಗುವುದರೊಳಗೆ ಚೀಟಿ ಹಣದಲ್ಲಿ ನಿಫ್ಟಿ ಇಟಿಎಫ್ (ನಿಫ್ಟಿಯ ಜೊತೆಗೇ ಏರಿಳಿಯುವ, ಷೇರಿನಂತೆ ಕೊಳ್ಳಬಹುದಾದ ಫಂಡ್) ಕೊಂಡೆ. ಸೋಮವಾರ 9,197. ಬುಧವಾರ 8,555 ಕೂಡ ಮುರಿಯಿತು. ಆ ಬಾರಿನ ತಲೆ, ಅಂದರೆ ದಿನದ ಗರಿಷ್ಠ, 10,159ರಲ್ಲಿತ್ತು. ಮುಂದಿನ ವಾರ ಅದನ್ನು ದಾಟುತ್ತದೆಯೇ ಎಂದು ಕಾಯುವಷ್ಟು ತಾಳ್ಮೆ ನನಗಿರಲಿಲ್ಲ. ಸ್ಟಾಪ್ ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರಿಬಿಡುವ ಆರ್ಡರ್) ಇಡೋಣವೆಂದರೆ ಬಾರಿನ ಬುಡ, ಅಂದರೆ ದಿನದ ಕನಿಷ್ಠ, 1,400 ಅಂಶ ಕೆಳಗೆ! ಚೆಂದದ ಬಾರಿನ ದುಬಾರಿತನ ಆಗ ತಿಳಿಯಿತು.

ಹನ್ನೊಂದು ದಿನ ಕಳೆದು, ಮಾರ್ಚ್ 24ರಂದು ಇನ್ನೊಂದು ಬಂತು. 7,511ಕ್ಕೆ ಇಳಿದು 7,801ರಲ್ಲಿ ಮುಗಿಯಿತು. ಸೊರಗಿದ ಬಾರ್, ಮುಕ್ತಾಯ ಹೆಚ್ಚುಕಡಿಮೆ ನಟ್ಟನಡುವೆ. ರಾತ್ರಿ ಎಂಟಕ್ಕೆ 21 ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ಬೆಳಗಾದರೆ ಯುಗಾದಿ. ಮಾವಿನ ಸೊಪ್ಪಿಗೂ ಹೊರಗೆ ಹೋಗುವಂತಿಲ್ಲ. ಒಲೆಯ ಮೇಲೆ ಹೋಳಿಗೆಯ ಬೇಳೆ, ಕೈಯಲ್ಲಿ ಮೊಬೈಲ್. ನಿಫ್ಟಿ ಹಿಂದಿನ ದಿನದ ತಲೆ 8,036ನ್ನು ದಾಟಿ 8,317ರಲ್ಲಿ ನಿಂತಿತು. ಆ 7,511 ಮತ್ತೆ ಕಾಣಲೇ ಇಲ್ಲ. ಕೊಂಡೆನೇ? ಎಲ್ಲಿಯದು! ಶುಕ್ರವಾರದ ಪೆಟ್ಟಿಗೆ ಹೆದರಿ ಹೋಳಿಗೆ ತಟ್ಟುತ್ತಾ ಕುಳಿತಿದ್ದೆ.

ಈ ಷೇರನ್ನು ಬಿಡು. ನಿಜಕ್ಕೂ ಇಳಿಯುತ್ತಾ ಬಂದ ಒಂದರಲ್ಲಿ ಇಂಥ ಬಾರ್ ಕಂಡರೆ, ಅದರ ತಲೆಗಿಂತ ತುಸು ಮೇಲೆ, ಬೆಲೆ ಅಲ್ಲಿಗೆ ಮುಟ್ಟಿದರೆ ಮಾತ್ರ ಜಾರಿಯಾಗುವ ಖರೀದಿ ಆರ್ಡರ್ ಹಾಕಿಡು. ದಾಟಿದರೆ ಸಿಗುತ್ತದೆ, ದಾಟದಿದ್ದರೆ ನಿನ್ನ ಹಣ ನಿನ್ನಲ್ಲೇ. ಸಿಕ್ಕ ಕೂಡಲೇ ಬುಡದ ಕೆಳಗೆ ಸ್ಟಾಪ್ ಲಾಸ್ ಇಡು. ಬುಡ ತೀರಾ ದೂರವಿದ್ದರೆ ಕಡಿಮೆ ಷೇರು ಕೊಳ್ಳು.

ಮುಂದಿನ ವಾರ ಬರುತ್ತೀಯಲ್ಲ, ಹಳೆಯ ಚಾರ್ಟುಗಳನ್ನು ತೆಗೆದಿಟ್ಟಿರುತ್ತೇನೆ. ಅಪ್ಪನ ಮುಂದೆ ಚೀಟಿ ಹಣದ ಮಾತು ಎತ್ತಬೇಡ.

ನಿನ್ನ,
ಅಮ್ಮ