ಪೇರ್ ಮರದಿಂದ ಬಿದ್ದವನ ವಿಷಯ

ಪ್ರೀತಿಯ ಮಗಳೇ,

ಭಾನುವಾರ ರಾತ್ರಿ ಏನೇನು ಮಾತಾಯಿತೆಂದು ಇಬ್ಬರಿಗೂ ಗೊತ್ತು, ಅದನ್ನು ಮತ್ತೆ ಕೆದಕುವುದಿಲ್ಲ. "ನಾನಿಲ್ಲಿ ದಿನಾ ಸಾವು ನೋಡುತ್ತಿದ್ದೇನೆ, ನೀನು ಕೊಲೆಯ ಕಥೆ ಓದಿ ನಗುತ್ತೀಯಲ್ಲ ಅಮ್ಮ" ಎಂದು ಫೋನ್ ಇಟ್ಟೆಯಲ್ಲ, ಆ ಒಂದು ಮಾತಿಗೆ ಮಾತ್ರ ಉತ್ತರ ಬರೆಯಬೇಕು ಅನ್ನಿಸಿತು. ನಿನ್ನ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸು. ಆದರೆ ಆ ಪುಸ್ತಕಗಳ ಬಗ್ಗೆ ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಾರೆ.

ಅದಕ್ಕಿಂತ ಮೊದಲು 25ನೇ ತಾರೀಕಿನ ವಿಷಯ. ರಾತ್ರಿ ಪಾಳಿ ಮುಗಿಸಿ ಕ್ರಿಸ್‌ಮಸ್ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಹೊರಗೆ ಬರುತ್ತೀಯಲ್ಲ, ಮನೆಗೆ ಹೇಗೆ ಹೋಗುತ್ತೀ? ಆ ದಿನ ಇಂಗ್ಲೆಂಡಿನಲ್ಲಿ ರೈಲು ಓಡುವುದಿಲ್ಲ, ಬಸ್ಸು ಇದ್ದರೂ ಇಲ್ಲದಂತೆ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ಅಂದು ಬಾಗಿಲು ತೆರೆಯಕೂಡದೆಂದು 2004ರಲ್ಲಿ ಕಾನೂನೇ ಮಾಡಿದ್ದಾರೆ. ಮ್ಯಾಂಚೆಸ್ಟರಿನಲ್ಲಿ ಈ ತಿಂಗಳು ಎಂಟು ಗಂಟೆ ದಾಟದೆ ಸೂರ್ಯ ಹುಟ್ಟುವುದಿಲ್ಲ, ನಾಲ್ಕರ ಹೊತ್ತಿಗೆಲ್ಲ ಮುಳುಗಿರುತ್ತಾನೆ. ರಾತ್ರಿಯಿಡೀ ನಿಂತು ದಣಿದ ಕಾಲಿನಲ್ಲಿ, ನೀರು ಹೆಪ್ಪುಗಟ್ಟಿದ ಪಾದಚಾರಿ ಹಾದಿಯಲ್ಲಿ, ಒಂದು ನರಪಿಳ್ಳೆಯೂ ಇಲ್ಲದ ಬೀದಿಯಲ್ಲಿ ನೀನು ನಡೆದು ಹೋಗುವುದು ನನ್ನ ಕಣ್ಣಿಗೆ ಕಟ್ಟಿದೆ. ಜಾರಿ ಬಿದ್ದರೆ ಯಾರು ನೋಡುತ್ತಾರೆ? "ಏನೂ ಆಗುವುದಿಲ್ಲ" ಎನ್ನುತ್ತೀ. ಅದು ನನಗೂ ಗೊತ್ತು. ಆದರೂ ರಾತ್ರಿ ಎಚ್ಚರವಾದಾಗೆಲ್ಲ ಆ ಬೀದಿಯೇ ಎದುರಿಗೆ ಬಂದು ನಿಲ್ಲುತ್ತದೆ.

ಈಗ ಪುಸ್ತಕ. ನಾನು ಓದುತ್ತಿದ್ದದ್ದು ರೀಸ್ ಬೋವೆನ್ ಎಂಬ ಲೇಖಕಿ 2012ರಲ್ಲಿ ಪ್ರಕಟಿಸಿದ 'ದ ಟ್ವೆಲ್ವ್ ಕ್ಲೂಸ್ ಆಫ್ ಕ್ರಿಸ್‌ಮಸ್'. ಕಥೆ ನಡೆಯುವುದು 1933ರಲ್ಲಿ. ನಾಯಕಿ ಜಾರ್ಜಿಯಾನಾ ಇಂಗ್ಲೆಂಡಿನ ರಾಜಮನೆತನದ ಸಂಬಂಧಿ, ಆದರೆ ಕೈಯಲ್ಲಿ ಬಿಡಿಗಾಸಿಲ್ಲ. ಡೆವನ್ ಸೀಮೆಯ ಹಳ್ಳಿಯೊಂದರ ದೊಡ್ಡ ಮನೆಯಲ್ಲಿ ಹಬ್ಬಕ್ಕೆ ಬರುವ ಅತಿಥಿಗಳನ್ನು ಉಪಚರಿಸುವ ಕೆಲಸಕ್ಕೆ ಸೇರುತ್ತಾಳೆ. ಜೊತೆಗೆ ಕ್ವೀನಿ ಎಂಬ ಸಹಾಯಕಿ. ಒಡತಿಯ ಉಡುಪು ಅವಳ ಕೈಗೆ ಸಿಕ್ಕಿತೆಂದರೆ ಕೆಟ್ಟಿತೆಂದೇ ಲೆಕ್ಕ. ನಾನು ನಕ್ಕದ್ದು ಕ್ವೀನಿಯನ್ನು ನೋಡಿ. ಚಳಿಯಲ್ಲಿ ನಡುಗುತ್ತಲೇ ದೊಡ್ಡಸ್ತಿಕೆ ಬಿಡದ ಆ ಶ್ರೀಮಂತ ಜನರನ್ನು ನೋಡಿ.

ಸತ್ತವನನ್ನು ನೋಡಿ ನಾನು ನಗಲಿಲ್ಲ. ಇದೊಂದನ್ನು ನೀನು ನಂಬಬೇಕು.

ಕ್ರಿಸ್‌ಮಸ್ಸಿನ ಹನ್ನೆರಡು ದಿನಗಳ ಮೇಲೆ ಇಂಗ್ಲಿಷಿನಲ್ಲೊಂದು ಹಳೆಯ ಹಾಡಿದೆ. ಮೊದಲ ದಿನದ ಉಡುಗೊರೆ ಪೇರ್ ಮರದಲ್ಲಿ ಕುಳಿತ ಕೌಜುಗ. ಆ ಹಳ್ಳಿಯಲ್ಲಿ ಮೊದಲು ಸಾಯುವವನು, ಊರಿಗೇ ತಲೆನೋವಾಗಿದ್ದ ಮನುಷ್ಯ, ಪೇರ್ ಮರದಿಂದ ಬಿದ್ದು ಸಾಯುತ್ತಾನೆ. ಮರುದಿನ ಇನ್ನೊಂದು ಸಾವು, ಆಮೇಲೆ ಮತ್ತೊಂದು. ಎಲ್ಲವೂ ಆಕಸ್ಮಿಕವೆಂದು ಊರು ಕೈತೊಳೆದುಕೊಳ್ಳುತ್ತದೆ. ಹಬ್ಬ ಕೆಡಬಾರದಲ್ಲ! ಆದರೆ ಈ ಹುಡುಗಿಗೆ ಸಮಾಧಾನವಿಲ್ಲ. ಯಾರಿಗೂ ಬೇಡದ ಮನುಷ್ಯನೇ ಇರಲಿ, ಅವನು ಹೇಗೆ ಸತ್ತ, ಯಾಕೆ ಸತ್ತ ಎಂದು ಒಬ್ಬರಾದರೂ ಕೇಳಲೇಬೇಕೆಂದು ಹೊರಡುತ್ತಾಳೆ. ಇಂಥ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ನಗು ಬದುಕಿರುವವರ ಜಂಬದ ಮೇಲೆ, ಶ್ರದ್ಧೆ ಸತ್ತವನ ಮೇಲೆ. ನಿಮ್ಮ ಅಜ್ಜಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಒಲೆಯ ಮುಂದೆ ಕುಳಿತು ಓದುತ್ತಿದ್ದದ್ದೂ ಹೀಗೆಯೇ, ಕೊನೆಗೆ ಸತ್ಯ ಹೊರಬರುತ್ತದೆಂಬ ಭರವಸೆಯಿಂದ.

ಸಾವಿಗೂ ಕ್ರಿಸ್‌ಮಸ್ಸಿಗೂ ಗಂಟು ಹಾಕಿದ್ದು ಬೋವೆನ್ ಅವರೇ ಮೊದಲಲ್ಲ. ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ 1938ರಲ್ಲಿ 'ಹರ್ಕ್ಯುಲ್ ಪೊಯ್ರೊಸ್ ಕ್ರಿಸ್‌ಮಸ್' ಬರೆದರು. ಅದನ್ನು ಅರ್ಪಿಸಿದ್ದು ಅಕ್ಕನ ಗಂಡ ಜೇಮ್ಸ್‌ಗೆ. ನಿನ್ನ ಕೊಲೆಗಳು ತೀರಾ ನಾಜೂಕಾಗುತ್ತಿವೆ, ರಕ್ತ ಹರಿಯುವಂಥದ್ದೊಂದು ಬರೆ ಎಂದು ಭಾವ ದೂರಿದ್ದರಂತೆ. ಅವರ ಮನೆ ಆಬ್ನಿ ಹಾಲ್ ಇರುವುದು ಎಲ್ಲಿ ಗೊತ್ತೇ? ಚೀಡಲ್‌ನಲ್ಲಿ, ನಿನ್ನ ಮ್ಯಾಂಚೆಸ್ಟರಿನ ಮಗ್ಗುಲಲ್ಲೇ. ಅಗಾಥಾ ತಂದೆಯನ್ನು ಕಳೆದುಕೊಂಡದ್ದು 1901ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ. ಆಮೇಲಿನ ಕ್ರಿಸ್‌ಮಸ್‌ಗಳಿಗೆ ತಾಯಿಯ ಜೊತೆ ಆ ಮನೆಗೆ ಹೋಗುತ್ತಿದ್ದರು. ಅಲ್ಲಿನ ಊಟವನ್ನು ಮುಪ್ಪಿನಲ್ಲಿ ನೆನೆದು ಬರೆದಿದ್ದಾರೆ. ಸಿಂಪಿಯ ಸೂಪು, ಮೀನು, ಹುರಿದ ಟರ್ಕಿ ಕೋಳಿ, ಬೇಯಿಸಿದ ಟರ್ಕಿ ಕೋಳಿ, ದೊಡ್ಡದೊಂದು ಗೋಮಾಂಸದ ತುಂಡು. ಮನೆಯ ಹುಡುಗರೂ ಇವರೂ ಪಂತ ಕಟ್ಟಿ ಮಾಂಸದ ಅಡುಗೆ ಮೂರನ್ನೂ ಎರಡೆರಡು ಸಲ ಬಡಿಸಿಕೊಂಡರಂತೆ. ಅದಾದ ಮೇಲೂ ಪುಡಿಂಗು, ಸಿಹಿ ಕಡುಬು! ತಂದೆಯಿಲ್ಲದ ಹುಡುಗಿ ತುಂಬಿದ ಪಂಕ್ತಿಯಲ್ಲಿ ಕುಳಿತು ಹೊಟ್ಟೆ ಬಿರಿಯುವಂತೆ ಉಣ್ಣುತ್ತಿದ್ದಳು ಎಂಬುದನ್ನು ಓದಿದಾಗ ನನ್ನ ಕಣ್ಣು ತುಂಬಿತು. ಸಾವು ಕಂಡ ಮನೆಯವರು ನಗಬಾರದು ಎನ್ನುತ್ತೀಯಾ? ಕಂಡವರಿಗೇ ನಗು ಹೆಚ್ಚು ಬೇಕು. ಮಹಾಯುದ್ಧದ ಕಾಲದಲ್ಲಿ ಗಾಯಾಳುಗಳ ಆರೈಕೆ ಮಾಡಿ, ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದು ವಿಷಗಳ ಗುಣ ಕಲಿತ ಹೆಂಗಸು ಅವರು. ಸಾವು ಏನೆಂದು ಅರಿಯದೆ ಬರೆದವರಲ್ಲ.

ಆಬ್ನಿ ಹಾಲ್ ಸುತ್ತಲಿನ ಉದ್ಯಾನ ಸಾರ್ವಜನಿಕರಿಗೆ ತೆರೆದಿದೆ. ರಜೆ ಸಿಕ್ಕ ದಿನ ಹೋಗಿ ಬಾ, ಬೆಳಕಿರುವಾಗಲೇ. ಎರಡು ಜೊತೆ ಕಾಲುಚೀಲ ಹಾಕಿಕೋ. ಊಟ ಬಿಟ್ಟು ಕಾಫಿಯಲ್ಲೇ ದಿನ ತಳ್ಳಬೇಡ. ಪಾಳಿ ಮುಗಿದ ಮೇಲೆ ಕೆಲಸ ಬಿಟ್ಟು ಬೇರೆ ಏನಾದರೂ ಮಾತಾಡುವ ಒಬ್ಬ ಗೆಳತಿಯನ್ನಾದರೂ ಮಾಡಿಕೋ. ಮನುಷ್ಯ ಇಪ್ಪತ್ತನಾಲ್ಕು ಗಂಟೆಯೂ ಒಂದೇ ದುಃಖವನ್ನು ಹೊತ್ತು ನಿಲ್ಲಲಾರ. ವೈದ್ಯರಿಗೆ ಅದು ಇನ್ನಷ್ಟು ಕಷ್ಟ, ಯಾಕೆಂದರೆ ನಾಳೆ ಮತ್ತೆ ಹೋಗಿ ಅದೇ ಮಂಚದ ಪಕ್ಕ ನಿಲ್ಲಬೇಕು. ನಗುವುದನ್ನು ಮರೆತ ವೈದ್ಯರ ಕೈ ಒರಟಾಗುವುದನ್ನು ನಾನು ನೋಡಿದ್ದೇನೆ. ಹೇಳುತ್ತಾ ಹೋದರೆ ಇದು ಮುಗಿಯುವುದಿಲ್ಲ. ನೀನು ಮುಖ ಸಿಂಡರಿಸಿಕೊಂಡೇ ಓದುತ್ತಿರುತ್ತೀ, ಆದರೂ ಹೇಳಬೇಕಾದದ್ದನ್ನು ಹೇಳಿದ್ದೇನೆ.

ಜೊತೆಗೆ ಯಾರೂ ಬಾರದೆ ಆಸ್ಪತ್ರೆಗೆ ಸೇರಿ ತೀರಿಕೊಂಡ ಆ ಮುದುಕಿಯ ವಿಷಯ ಹೇಳಿದೆಯಲ್ಲ. ನಿನ್ನ ಪಾಳಿ ಮುಗಿದ ಮೇಲೂ ಅವರ ಕೈ ಹಿಡಿದು ಕುಳಿತೆ. ಅದನ್ನು ಹೇಳುವಾಗ ನೀನು ಅಳುತ್ತಿದ್ದೆ, ಆದ್ದರಿಂದ ಆಗ ನಾನು ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಫೋನ್ ಇಟ್ಟ ಮೇಲೆ ಪಕ್ಕದ ಮನೆಗೆ ಹೋಗಿ ಹೇಳಿ ಬಂದೆ. ಮರುದಿನ ಅವರ ಔಷಧಿಯ ಚೀಟಿಗಳನ್ನೆಲ್ಲ ಮತ್ತೆ ತೆಗೆದು, ಎಲ್ಲಿ ತಪ್ಪಿತು, ಮೊದಲೇ ತಿಳಿಯಬಹುದಿತ್ತೇ ಎಂದು ನೋಡಿದೆಯಂತೆ. ವಯಸ್ಸಾಗಿತ್ತು ಬಿಡು ಎಂದು ಉಳಿದವರು ಅಂದರೂ ನೀನು ಬಿಡಲಿಲ್ಲ. ಡೆವನ್ನಿನ ಆ ಹುಡುಗಿಯನ್ನು ಓದುವಾಗ ನನ್ನ ಮನಸ್ಸಿನಲ್ಲಿದ್ದದ್ದು ನೀನೇ. ಅದಕ್ಕೇ ಆ ರಾತ್ರಿ ಪುಸ್ತಕದ ಮಾತು ತೆಗೆದದ್ದು.

ಪುಸ್ತಕವನ್ನು ಪಾರ್ಸೆಲ್‌ನಲ್ಲಿ ಕಳುಹಿಸಿದ್ದೇನೆ, ಜೊತೆಗೆ ಸಾರಿನ ಪುಡಿ, ಚಟ್ನಿಪುಡಿ. ಓದಲೇಬೇಕೆಂದಿಲ್ಲ, ಮೇಜಿನ ಮೇಲಿರಲಿ. ಹಾಲು, ಮೊಸರು, ಬ್ರೆಡ್ಡು 24ರ ಮಧ್ಯಾಹ್ನವೇ ತಂದಿಟ್ಟುಕೋ. 25ರ ಬೆಳಿಗ್ಗೆ ನಡೆದು ಹೋಗಬೇಡ. ನಿನ್ನ ಜೊತೆ ಕೆಲಸ ಮಾಡುವವರಲ್ಲಿ ಕಾರಿದ್ದವರನ್ನು ಕೇಳು, ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಇಲ್ಲವಾದರೆ ಟ್ಯಾಕ್ಸಿಗೆ ಈಗಲೇ ಹೇಳಿಡು, ಅಂದು ದುಪ್ಪಟ್ಟು ಕೇಳಿದರೂ ಕೊಡು, ಹಣ ನಾನು ಹಾಕುತ್ತೇನೆ. ಯಾರ ಕಾರಿನಲ್ಲಿ, ಎಷ್ಟು ಗಂಟೆಗೆ ಎಂದು 23ರೊಳಗೆ ಬರೆದು ತಿಳಿಸು.

ನಿನ್ನ
ಅಮ್ಮ